ಕಾಣೆಯಾದವರ ಜಾಡು

ನಮ್ಮ ಭಾಷೆಯಲ್ಲಿ ‘ವಾಸನೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮಲ್ಲಿಗೆಯ ವಾಸನೆ, ಮಳೆ ಬಿದ್ದ ಮಣ್ಣಿನ ವಾಸನೆ ಎನ್ನುವಾಗ ಅದು ಮೂಗಿನ ವಿಷಯ. ‘ಇದು ಅವನ ಪೂರ್ವಜನ್ಮದ ವಾಸನೆ’ ಎಂದು ಹಿರಿಯರು ಹೇಳುವಾಗ ಅದು ಮನಸ್ಸಿನ ವಿಷಯ. ಮಾಡಿದ ಕರ್ಮ ಮುಗಿದು ಹೋದ ಮೇಲೂ ಚಿತ್ತದಲ್ಲಿ ಅಂಟಿಕೊಂಡು ಉಳಿಯುವ ಸಂಸ್ಕಾರಕ್ಕೆ ದಾರ್ಶನಿಕರು ಕೊಟ್ಟ ಹೆಸರದು. ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಹಿಡಿದಿಟ್ಟವರು ಸೂಕ್ಷ್ಮಜ್ಞರೇ ಇರಬೇಕು. ಹೂವನ್ನು ಪೆಟ್ಟಿಗೆಯಿಂದ ತೆಗೆದ ಮೇಲೂ ಪೆಟ್ಟಿಗೆಯಲ್ಲಿ ಏನೋ ನಿಲ್ಲುತ್ತದೆ; ಹೋದದ್ದು ಪೂರ್ತಿ ಹೋಗಿರುವುದಿಲ್ಲ. ಮನುಷ್ಯನೂ ಹಾಗೆಯೇ. ಅವನು ಎದ್ದು ನಡೆದ ಹಾದಿಯಲ್ಲಿ, ನಮ್ಮ ಕಣ್ಣಿಗೆ ಕಾಣದೆ, ಅವನದೇ ಆದ ಒಂದು ಅಂಶ ಕೆಲವು ಗಂಟೆಗಳ ಕಾಲ, ಕೆಲವೊಮ್ಮೆ ಕೆಲವು ದಿನಗಳ ಕಾಲ, ಉಳಿದಿರುತ್ತದೆ. ಅದನ್ನು ಓದಬಲ್ಲ ಪ್ರಾಣಿ ನಮ್ಮ ಜಗಲಿಯ ಮೇಲೆಯೇ ಮಲಗಿದೆ.

ಕಾಣೆಯಾದವರನ್ನು ನಾಯಿಯ ಸಹಾಯದಿಂದ ಹುಡುಕುವ ವಿದ್ಯೆಯ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಈ ವಿಷಯ ಎಲ್ಲಿಂದ ಅಂಟಿತು ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಘಟನೆಯಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಸಾಹಿತ್ಯದಲ್ಲಿ ಈ ಕಥೆ ಬಹಳ ಹಿಂದೆಯೇ ಆರಂಭವಾಗುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ, 108ನೆಯ ಸೂಕ್ತವಾಗಿ, ಸರಮೆ ಮತ್ತು ಪಣಿಗಳ ಸಂವಾದವಿದೆ. ಪಣಿಗಳು ಗೋವುಗಳನ್ನು ಅಪಹರಿಸಿ ಬಂಡೆಯ ಮರೆಯಲ್ಲಿ ಬಚ್ಚಿಟ್ಟಿದ್ದಾರೆ. ಇಂದ್ರನ ದೂತಿಯಾಗಿ ಸರಮೆ ರಸಾ ನದಿಯನ್ನು ದಾಟಿ ಅವರ ನೆಲೆಯನ್ನು ಕಂಡುಹಿಡಿಯುತ್ತಾಳೆ. ಪಣಿಗಳು ಅವಳನ್ನು ಬೆದರಿಸುತ್ತಾರೆ. ಅದು ಫಲಿಸದಾಗ, ನೀನು ನಮ್ಮ ಸೋದರಿಯಾಗಿ ಇಲ್ಲಿಯೇ ಇರು, ಗೋವುಗಳಲ್ಲಿ ನಿನಗೂ ಪಾಲು ಕೊಡುತ್ತೇವೆ ಎಂದು ಆಸೆ ತೋರಿಸುತ್ತಾರೆ. ಅವಳು ಒಪ್ಪುವುದಿಲ್ಲ. ಮುಂದಿನ ಪರಂಪರೆ ಈ ಸರಮೆಯನ್ನು ದೇವಶುನಿ, ಎಂದರೆ ದೇವಲೋಕದ ಹೆಣ್ಣುನಾಯಿ ಎಂದು ಕರೆಯಿತು. ಕಳೆದುಹೋದುದನ್ನು ಹುಡುಕುವ ಕೆಲಸಕ್ಕೆ ನಾಯಿಗಿಂತ ತಕ್ಕ ದೂತರಿಲ್ಲವೆಂದು ನಮ್ಮವರು ಅಂದೇ ಬಲ್ಲವರಾಗಿದ್ದರು. ಆ ದೂತಿ ಲಂಚಕ್ಕೆ ಬಗ್ಗದವಳೆಂಬುದನ್ನೂ ಸೇರಿಸಿಯೇ ಹೇಳಿದರು.

ಆದರೆ ಪುರಾಣದಿಂದ ಚರಿತ್ರೆಗೆ ಇಳಿದರೆ ಮನಸ್ಸಿಗೆ ಅಷ್ಟು ಹಿತವಾಗುವುದಿಲ್ಲ. ಮನುಷ್ಯನು ನಾಯಿಯ ಮೂಗನ್ನು ಮೊದಲು ಬಳಸಿದ್ದು ಬೇಟೆಗೆ. ಮೃಗದ ಬೇಟೆಯಿಂದ ಮನುಷ್ಯನ ಬೇಟೆಗೆ ದೂರ ಹೆಚ್ಚಿರಲಿಲ್ಲ. ಹದಿನಾಲ್ಕನೆಯ ಶತಮಾನದ ಮೊದಲ ವರ್ಷಗಳಲ್ಲಿ ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಶತ್ರುಗಳಿಗೆ ಸಿಗದೆ ಕಾಡುಮೇಡು ಅಲೆಯುತ್ತಿದ್ದಾಗ ಅವನ ಬೆನ್ನಿಗೆ ನಾಯಿಯನ್ನು ಬಿಟ್ಟರೆಂದೂ, ಅವನು ಹಳ್ಳದ ನೀರಿನಲ್ಲಿ ನಡೆದು ಜಾಡನ್ನು ಮುರಿದನೆಂದೂ ಆ ಶತಮಾನದಲ್ಲಿಯೇ ಬಾರ್ಬರ್ ಎಂಬ ಕವಿ ತನ್ನ ಕಾವ್ಯದಲ್ಲಿ ವರ್ಣಿಸಿದ್ದಾನೆ. ಆ ನಾಡಿನವರು ಅಂಥ ನಾಯಿಯನ್ನು ‘ಸ್ಲೂತ್‌ಹೌಂಡ್’ ಎನ್ನುತ್ತಿದ್ದರು. ‘ಸ್ಲೂತ್’ ಎಂದರೆ ಜಾಡು. ಇಂದು ಇಂಗ್ಲಿಷಿನಲ್ಲಿ ಪತ್ತೇದಾರನನ್ನು ಸ್ಲೂತ್ ಎಂದು ಕರೆಯುವುದು ಈ ನಾಯಿಯಿಂದ ಬಂದ ರೂಢಿ. ಶೆರ್ಲಾಕ್ ಹೋಮ್ಸನ ಬಿರುದು ಮೊದಲು ನಾಯಿಯದಾಗಿತ್ತು.

ಇನ್ನೂ ಘೋರವಾದುದು ಗುಲಾಮಗಿರಿಯ ಅಧ್ಯಾಯ. 1795ರಲ್ಲಿ ಜಮೈಕಾ ದ್ವೀಪದ ಬೆಟ್ಟಗಳಲ್ಲಿ ಮರೂನರು ಬ್ರಿಟಿಷರ ವಿರುದ್ಧ ತಿರುಗಿಬಿದ್ದರು. ಇವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಸ್ವತಂತ್ರವಾಗಿ ನೆಲಸಿದ್ದವರ ಸಂತತಿಯವರು. ಸೈನ್ಯ ಬಗ್ಗಿಸಲಾರದ ಅವರನ್ನು ಬಗ್ಗಿಸಲು ಅಲ್ಲಿನ ಗವರ್ನರನು ಕ್ಯೂಬಾದಿಂದ ಸುಮಾರು ನೂರು ನಾಯಿಗಳನ್ನೂ ಅವುಗಳನ್ನು ನಡೆಸುವವರನ್ನೂ ಹಡಗಿನಲ್ಲಿ ತರಿಸಿದನು. ನಾಯಿಗಳು ಬಂದವೆಂಬ ಸುದ್ದಿಯೇ ಸಾಕಾಯಿತು. ಮರೂನರು ಶರಣಾದರು, 1796ರಲ್ಲಿ ಅವರಲ್ಲಿ ಬಹುಮಂದಿಯನ್ನು ದೂರದ ಚಳಿನಾಡಾದ ನೋವಾ ಸ್ಕೋಷಿಯಾಕ್ಕೆ ಸಾಗಿಸಿದರು. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಓಡಿಹೋದ ಗುಲಾಮರನ್ನು ಹಿಡಿಯಲು ನಾಯಿ ಸಾಕುವುದು ಒಂದು ವೃತ್ತಿಯೇ ಆಗಿತ್ತು. ಇಲ್ಲೊಂದು ಸಾಹಿತ್ಯಕ ಕುತೂಹಲವಿದೆ. 1852ರಲ್ಲಿ ಪುಸ್ತಕವಾಗಿ ಬಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಎಲೈಜಾ ಎಂಬ ತಾಯಿ ಮಗುವನ್ನೆತ್ತಿಕೊಂಡು ಓಹಾಯೋ ನದಿಯ ತೇಲುವ ಹಿಮಗಡ್ಡೆಗಳ ಮೇಲೆ ಹಾರಿ ಪಾರಾಗುವ ಪ್ರಸಂಗದಲ್ಲಿ ನಾಯಿಗಳಿಲ್ಲ. ಅದನ್ನು ನಾಟಕ ಮಾಡಿದವರು ರಂಗದ ಮೇಲೆ ನಿಜವಾದ ನಾಯಿಗಳನ್ನೇ ತಂದು ನುಗ್ಗಿಸಿದರು. ಪ್ರೇಕ್ಷಕರು ಅದನ್ನೇ ನೆನಪಿಟ್ಟರು. ಓಡಿಹೋಗುವವನ ಹಿಂದೆ ನಾಯಿ ಇರಲೇಬೇಕೆಂಬುದು ಆ ಸಮಾಜಕ್ಕೆ ಅಷ್ಟು ರೂಢವಾಗಿತ್ತು.

ಇದೇ ಕಾಲದಲ್ಲಿ, ಇದೇ ಮೂಗು, ಬೇರೊಂದು ಎಡೆಯಲ್ಲಿ ಬೇರೆ ಕೆಲಸ ಮಾಡುತ್ತಿತ್ತು. ಸ್ವಿಟ್ಸರ್ಲೆಂಡಿಗೂ ಇಟಲಿಗೂ ನಡುವೆ, ಸುಮಾರು 2,470 ಮೀಟರು ಎತ್ತರದಲ್ಲಿ, ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಕಣಿವೆದಾರಿ ಇದೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಸ್ಥಾಪನೆಯಾದ ಧರ್ಮಛತ್ರದ ಸಂನ್ಯಾಸಿಗಳು ದಾರಿಹೋಕರಿಗೆ ಅನ್ನ, ಬೆಂಕಿ, ಹಾಸಿಗೆ ಕೊಡುತ್ತಿದ್ದರು. ಹದಿನೇಳನೆಯ ಶತಮಾನದ ಉತ್ತರಾರ್ಧದಿಂದ ಅಲ್ಲಿ ದೊಡ್ಡ ನಾಯಿಗಳನ್ನು ಸಾಕಲಾಯಿತು. ಮೊದಲು ಅವು ಕಾವಲಿಗೆ ಬಂದವು. ಮಂಜು ಮುಸುಕಿ ಹಾದಿ ಅಳಿಸಿಹೋದಾಗ ಸಂನ್ಯಾಸಿಗಳು ಅವುಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಹಾಗೆ ಹೋಗಿ ಬರುತ್ತಿರುವಾಗ, ಈ ನಾಯಿಗಳು ದಾರಿಯನ್ನು ತಪ್ಪುವುದಿಲ್ಲ, ಹಿಮದ ಕೆಳಗೆ ಹೂತ ಮನುಷ್ಯನ ಇರವನ್ನು ಗುರುತಿಸುತ್ತವೆ ಎಂಬುದು ಅವರ ಅನುಭವಕ್ಕೆ ಬಂತು. ಅಲ್ಲಿ ಶಿಕ್ಷಣದ ಶಾಲೆಯೇನೂ ಇರಲಿಲ್ಲ. ಮರಿಗಳು ಹಿರಿಯ ನಾಯಿಗಳ ಹಿಂದೆ ಓಡಾಡಿ ಕಲಿತವು.

ಅವುಗಳಲ್ಲಿ ಬ್ಯಾರಿ ಎಂಬ ನಾಯಿ ಜಗತ್ಪ್ರಸಿದ್ಧವಾಯಿತು. 1800ರಲ್ಲಿ ಹುಟ್ಟಿದ ಈ ನಾಯಿ ನಲವತ್ತಕ್ಕೂ ಹೆಚ್ಚು ಮಂದಿಯ ಪ್ರಾಣ ಉಳಿಸಿತೆಂಬುದು ಪ್ರತೀತಿ. ನಲವತ್ತೊಂದನೆಯವನು ಅದನ್ನು ತೋಳವೆಂದು ಭ್ರಮಿಸಿ ಇರಿದು ಕೊಂದನೆಂಬ ಕರುಣಾಜನಕ ಕಥೆಯೂ ಹುಟ್ಟಿಕೊಂಡಿತು. ಅದು ನಿಜವಲ್ಲ. ಬ್ಯಾರಿ ಮುದಿಯಾದಾಗ, 1812ರಲ್ಲಿ, ಅದನ್ನು ಬರ್ನ್ ನಗರಕ್ಕೆ ಕಳುಹಿಸಲಾಯಿತು. ಅಲ್ಲಿ 1814ರಲ್ಲಿ ಅದು ಸಹಜವಾಗಿ ಸತ್ತಿತು. ಅದರ ಚರ್ಮವನ್ನು ಹದಮಾಡಿ ನಿಲ್ಲಿಸಿದ ರೂಪವನ್ನು ಆ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಈ ಜಾತಿಯ ನಾಯಿಯ ಕೊರಳಲ್ಲಿ ಚಿತ್ರಕಾರರು ತೂಗುಹಾಕುವ ಬ್ರಾಂದಿಯ ಪುಟ್ಟ ಪೀಪಾಯಿ ಕೂಡ ಕಲ್ಪನೆಯೇ. 1820ರಲ್ಲಿ ಲ್ಯಾಂಡ್‌ಸೀರ್ ಎಂಬ ತರುಣ ಆಂಗ್ಲ ಚಿತ್ರಕಾರನು ಬರೆದ ಚಿತ್ರದಿಂದ ಅದು ಲೋಕಕ್ಕೆಲ್ಲ ಹರಡಿತು.

ಬ್ಯಾರಿಯ ಮಾತು ಬಂದಾಗ ನನಗೆ ನಮ್ಮ ಆತಕೂರಿನ ಕಲ್ಲು ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನದ ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ, ಮೆಚ್ಚಿದೆ, ಬೇಡಿಕೊ ಎಂದು ಒಡೆಯನು ಹೇಳಿದಾಗ, ಅವನು ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟರು. ಹಂದಿ ನಾಯಿಗಳ ಕಾಳಗವನ್ನು ಕಂಡರಿಸಿದರು. ಕನ್ನಡಿಗರ ಹೃದಯವಂತಿಕೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಾಳಿಯನ್ನು ನೆನೆದದ್ದು ಅದು ಕೊಂದು ಸತ್ತದ್ದಕ್ಕಾಗಿ. ಬ್ಯಾರಿಯನ್ನು ನೆನೆದದ್ದು ಅದು ಹುಡುಕಿ ಉಳಿಸಿದ್ದಕ್ಕಾಗಿ. ನಾಯಿಯಿಂದ ಮನುಷ್ಯ ಏನನ್ನು ಬಯಸಬಹುದು ಎಂಬ ಎಣಿಕೆಯೇ ಬದಲಾದದ್ದನ್ನು ಈ ಎರಡು ಸ್ಮಾರಕಗಳು ತೋರಿಸುತ್ತವೆ.

ಈ ಹೊಸ ಎಣಿಕೆಯನ್ನು ವಿದ್ಯೆಯಾಗಿ ಬೆಳೆಸಿದ್ದು, ವಿಪರ್ಯಾಸವೆಂಬಂತೆ, ಯುದ್ಧ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯ ಬುಂಗಾರ್ಟ್ಸ್ ಎಂಬ ಪ್ರಾಣಿಚಿತ್ರಕಾರನು ರಣರಂಗದಲ್ಲಿ ಗಾಯಾಳುಗಳನ್ನು ಹುಡುಕಲು ನಾಯಿಗಳನ್ನು ಪಳಗಿಸಲು ತೊಡಗಿದನು. ಮೊದಲನೆಯ ಮಹಾಯುದ್ಧದಲ್ಲಿ ಹಲವು ಸೈನ್ಯಗಳು ಇಂಥ ನಾಯಿಗಳನ್ನು ಬಳಸಿದವು. ಕತ್ತಲಲ್ಲಿ, ಪೊದೆಗಳ ನಡುವೆ, ಕೂಗಲೂ ಶಕ್ತಿಯಿಲ್ಲದೆ ಬಿದ್ದವನನ್ನು ನಾಯಿ ಕಂಡುಹಿಡಿಯಬೇಕು. ಬೊಗಳಿದರೆ ಶತ್ರುವಿಗೆ ತಿಳಿಯುತ್ತದೆ. ಹಾಗಾದರೆ ಹಿಂದಿರುಗಿ ಬಂದು ಹೇಗೆ ಹೇಳಬೇಕು? ಗಾಯಾಳುವಿನ ಟೋಪಿಯನ್ನೋ ಬೇರೆ ವಸ್ತುವನ್ನೋ ಕಚ್ಚಿ ತರುವುದನ್ನು ಮೊದಲು ಕಲಿಸಿದರು. ಟೋಪಿ ಸಿಗದಾಗ ನಾಯಿ ಕಟ್ಟಿದ ಪಟ್ಟಿಯನ್ನೇ ಎಳೆಯತೊಡಗಿತು. ಆಮೇಲೆ ನಾಯಿಯ ಕೊರಳಿಗೇ ಒಂದು ಚರ್ಮದ ತುಂಡನ್ನು ತೂಗುಹಾಕಿದರು. ಮನುಷ್ಯ ಸಿಕ್ಕಿದರೆ ಅದನ್ನು ಬಾಯಲ್ಲಿ ಕಚ್ಚಿಕೊಂಡು ಬರಬೇಕು. ಸಿಗದಿದ್ದರೆ ಅದು ಕೊರಳಲ್ಲಿಯೇ ತೂಗುತ್ತಿರಬೇಕು. ‘ಇದ್ದಾನೆ’, ‘ಇಲ್ಲ’ ಎಂಬ ಎರಡೇ ಮಾತಿನ ಭಾಷೆಯದು. ಆದರೆ ಆ ಒಂದು ಮಾತಿನ ಮೇಲೆ ಒಬ್ಬನ ಪ್ರಾಣ ನಿಂತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಈ ಕೆಲಸ ರಣರಂಗದಿಂದ ಊರಿನ ನಡುವಿಗೆ ಬಂತು. 1940ರಲ್ಲಿ ಲಂಡನ್ನಿನ ಪಾಪ್ಲರ್ ಬಡಾವಣೆಯಲ್ಲಿ, ಬಾಂಬುದಾಳಿಯಲ್ಲಿ ದಿಕ್ಕಿಲ್ಲದಂತಾದ ಒಂದು ಬೀದಿನಾಯಿಗೆ ವೈಮಾನಿಕ ದಾಳಿಯ ಕಾವಲುಗಾರನೊಬ್ಬನು ತಿನ್ನಲು ಏನೋ ಹಾಕಿದನು. ಅದು ಅವನನ್ನು ಬಿಡಲಿಲ್ಲ. ರಿಪ್ ಎಂದು ಹೆಸರಿಟ್ಟ ಈ ನಾಯಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಕುಸಿದ ಮನೆಗಳ ಅವಶೇಷದ ಮೇಲೆ ಅದು ತಾನಾಗಿಯೇ ಮೂಸುತ್ತ, ಕೆರೆಯುತ್ತ, ಕೆಳಗೆ ಜನರಿರುವುದನ್ನು ತೋರಿಸಿತು. ಇದನ್ನು ಕಂಡ ಮೇಲೆ, ಯುದ್ಧದ ಕೊನೆಯ ಹಂತದಲ್ಲಿ, ಸರ್ಕಾರ ಈ ಕೆಲಸಕ್ಕೆಂದೇ ನಾಯಿಗಳನ್ನು ತರಬೇತು ಮಾಡಿಸಿತು. 1944ರ ಜೂನಿನಿಂದ ಚಾಲಕನಿಲ್ಲದೆ ಹಾರಿಬರುವ ಬಾಂಬುಗಳೂ, ಸೆಪ್ಟೆಂಬರಿನಿಂದ ರಾಕೆಟ್ಟುಗಳೂ ಲಂಡನ್ನಿನ ಮೇಲೆ ಬೀಳುತ್ತಿದ್ದ ಕಾಲವದು. ಜೆಟ್, ಥಾರ್ನ್, ಇರ್ಮಾ, ಸೈಕಿ ಮೊದಲಾದವು ಆಗ ಕೆಲಸಕ್ಕೆ ಬಂದ ನಾಯಿಗಳು.

ಇರ್ಮಾ ಮತ್ತು ಸೈಕಿಯರನ್ನು ನಡೆಸುತ್ತಿದ್ದವರು ಮಾರ್ಗರೆಟ್ ಗ್ರಿಫಿನ್ ಎಂಬ ಮಹಿಳೆ. ಒಮ್ಮೆ ಒಂದು ಕುಸಿದ ಮನೆಯ ಮೇಲೆ ಇರ್ಮಾ ಹಟ ಹಿಡಿದು ನಿಂತಿತು. ಎರಡು ದಿನಗಳಾದರೂ ಅಲ್ಲಿಂದ ಕದಲಲಿಲ್ಲ. ಅಗೆದಾಗ ಇಬ್ಬರು ಹುಡುಗಿಯರು ಜೀವಸಹಿತ ದೊರೆತರು. ಈ ಎರಡು ನಾಯಿಗಳು ಒಟ್ಟಿನಲ್ಲಿ 233 ಮಂದಿಯನ್ನು ಪತ್ತೆಹಚ್ಚಿದವು. ಅವರಲ್ಲಿ ಬದುಕಿದ್ದವರು 21 ಮಂದಿ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಇಪ್ಪತ್ತೊಂದು ಕಡಿಮೆಯೆಂದು ಯಾರಿಗಾದರೂ ತೋರಿದರೆ, ಆ ಇಪ್ಪತ್ತೊಂದು ಮನೆಗಳನ್ನು ನೆನೆದರೆ ಸಾಕು. ಉಳಿದ ಇನ್ನೂರ ಹನ್ನೆರಡರ ಲೆಕ್ಕವೂ ವ್ಯರ್ಥವಲ್ಲ. ಮನೆಯವರು ಎಷ್ಟು ದಿನ ಕಾಯಬೇಕು, ಯಾವಾಗ ಅಳಬೇಕು ಎಂಬುದು ತಿಳಿಯದೆ ಇರುವುದು ಸಾವಿಗಿಂತಲೂ ಕಠಿನವಾದ ಶಿಕ್ಷೆ. ಸತ್ತವನ ದೇಹ ದೊರೆತರೆ ಆ ಶಿಕ್ಷೆಗಾದರೂ ಕೊನೆಯುಂಟು.

ನಾಯಿ ಇದನ್ನು ಹೇಗೆ ಮಾಡುತ್ತದೆ? ನಮ್ಮ ಮೈಯಿಂದ ಕ್ಷಣಕ್ಷಣವೂ ಚರ್ಮದ ಅತಿ ಸೂಕ್ಷ್ಮವಾದ ಹೊಟ್ಟು ಉದುರುತ್ತಿರುತ್ತದೆ. ನಿಮಿಷಕ್ಕೆ ಸಾವಿರಾರು ಕಣಗಳು. ಬೆವರು, ಎಣ್ಣೆಯ ಅಂಶ, ಅವುಗಳ ಮೇಲೆ ಬದುಕುವ ಸೂಕ್ಷ್ಮಜೀವಿಗಳು ಇವೆಲ್ಲ ಸೇರಿ ಪ್ರತಿಯೊಬ್ಬನಿಗೂ ಅವನದೇ ಆದ ವಾಸನೆಯನ್ನು ಕೊಡುತ್ತವೆ. ನಡೆದುಹೋದವನ ಹಿಂದೆ ಈ ಕಣಗಳು ಗಾಳಿಯಲ್ಲಿ ತೇಲಿ, ಹುಲ್ಲಿನ ಬುಡದಲ್ಲಿ, ಬೇಲಿಯ ನೆರಳಿನಲ್ಲಿ, ತಗ್ಗಿನಲ್ಲಿ ಇಳಿದು ನಿಲ್ಲುತ್ತವೆ. ತಂಪೂ ತೇವವೂ ಇರುವಲ್ಲಿ ವಾಸನೆ ಹೆಚ್ಚು ಹೊತ್ತು ಬಾಳುತ್ತದೆ. ಬಿರುಬಿಸಿಲಿಗೆ ಬೇಗ ಒಣಗುತ್ತದೆ. ಜಡಿಮಳೆ ಅದನ್ನು ತೊಳೆದೊಯ್ಯುತ್ತದೆ. ನಮ್ಮ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಕೋಶಗಳು ಸುಮಾರು ಐವತ್ತು ಲಕ್ಷವಾದರೆ ನಾಯಿಯ ಮೂಗಿನಲ್ಲಿ ಅವು ಇಪ್ಪತ್ತು ಕೋಟಿಯನ್ನೂ ಮೀರುತ್ತವೆ. ವಾಸನೆಯನ್ನು ಗ್ರಹಿಸುವ ಈ ವ್ಯವಸ್ಥೆಯ ಮೂಲವನ್ನು ಬಿಡಿಸಿದ್ದಕ್ಕಾಗಿ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ ನೊಬೆಲ್ ಬಹುಮಾನ ಬಂದದ್ದು 2004ರಲ್ಲಿ. ಸಾವಿರಾರು ವರ್ಷ ನಂಬಿ ನಡೆದ ದಾರಿಯನ್ನು ಮನುಷ್ಯ ಅರ್ಥಮಾಡಿಕೊಂಡದ್ದು ಇಷ್ಟು ಈಚೆಗೆ.

ಎಲ್ಲ ನಾಯಿಗಳೂ ಒಂದೇ ರೀತಿ ಹುಡುಕುವುದಿಲ್ಲ. ನಮ್ಮ ಮುಧೋಳದ ನಾಯಿ ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವುದು. ದೂರದ ಚಲನೆಯನ್ನು ಕಂಡು ಬಾಣದಂತೆ ಓಡುವುದು ಅದರ ಬಲ. ಮೂಗಿನ ನಾಯಿಗಳಲ್ಲಿಯೂ ಎರಡು ಬಗೆ. ಒಂದಕ್ಕೆ ಕಾಣೆಯಾದವನ ಬಟ್ಟೆಯನ್ನು ಮೂಸಿಸಬೇಕು; ಅದು ನೂರು ಜನರ ಜಾಡಿನ ನಡುವೆ ಆ ಒಬ್ಬನ ಜಾಡನ್ನು ಆರಿಸಿ ನಡೆಯುತ್ತದೆ. ಇನ್ನೊಂದು ಬಗೆಯದಕ್ಕೆ ಬಟ್ಟೆ ಬೇಡ. ಅದು ಮೂಗನ್ನು ಗಾಳಿಗೆ ಎತ್ತಿ, ಅಲ್ಲಿ ಯಾವ ಮನುಷ್ಯನಿದ್ದರೂ ಅವನತ್ತ ಸಾಗುತ್ತದೆ. ಭೂಕಂಪದ ಅವಶೇಷಗಳಲ್ಲಿ ಕೆಲಸ ಮಾಡುವುದು ಈ ಎರಡನೆಯ ಬಗೆ. 2023ರ ಫೆಬ್ರವರಿಯಲ್ಲಿ ತುರ್ಕಿಯಲ್ಲಿ ಭೂಮಿ ನಡುಗಿದಾಗ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೊಂದಿಗೆ ಹೋಗಿದ್ದ ಜೂಲಿ, ರೋಮಿಯೋ ಎಂಬ ನಾಯಿಗಳು ಗಾಜಿಯಾಂಟೆಪ್ ಪ್ರಾಂತದಲ್ಲಿ ಆರು ವರ್ಷದ ಬಾಲಕಿಯೊಬ್ಬಳು ಕಲ್ಲುಮಣ್ಣಿನ ಕೆಳಗೆ ಬದುಕಿರುವುದನ್ನು ತೋರಿಸಿಕೊಟ್ಟವು. 2024ರ ಜುಲೈ 30ರಂದು ವಯನಾಡಿನಲ್ಲಿ ಬೆಟ್ಟ ಜಾರಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ನಾಯಿಗಳು ಕೆಸರಿನಡಿಯ ಮೃತರನ್ನು ಹುಡುಕಿದವು.

ಇನ್ನು ನಾನು ಹೇಳುತ್ತೇನೆಂದ ಘಟನೆ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮಲೆನಾಡಿನ ನಮ್ಮ ಹಳ್ಳಿಯಲ್ಲಿದ್ದ ನನ್ನ ದೊಡ್ಡಪ್ಪನವರಿಗೆ ಮರೆವು ಬಂದಿತ್ತು. ಎದುರಿಗಿದ್ದವರ ಹೆಸರು ಮರೆಯುತ್ತಿದ್ದರು. ಸತ್ತುಹೋದ ತಮ್ಮ ತಾಯಿಯನ್ನು ಕರೆಯುತ್ತಿದ್ದರು. ಕಾರ್ತಿಕದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವರು ಮನೆಯಲ್ಲಿರಲಿಲ್ಲ. ಊರಿನವರೆಲ್ಲ ಟಾರ್ಚು, ದೊಂದಿ ಹಿಡಿದು ತೋಟ, ಗದ್ದೆ, ಕಾನು ಎಲ್ಲವನ್ನೂ ತುಳಿದರು. ಮಾರನೆಯ ದಿನ ಸುದ್ದಿ ತಿಳಿದು ನಾನೂ ಹೋದೆ. ರಾತ್ರಿ ಚಳಿಯೆಂದು ಗೂಟದಲ್ಲಿ ತೂಗುತ್ತಿದ್ದ ಮಫ್ಲರನ್ನು ತಲೆಗೆ ಸುತ್ತಿಕೊಂಡು ಬೆಳಗಿನವರೆಗೂ ಹುಡುಕಿದೆ. ಅದು ದೊಡ್ಡಪ್ಪನವರದು.

ಮೂರನೆಯ ದಿನ ಜಿಲ್ಲಾಕೇಂದ್ರದಿಂದ ಪೊಲೀಸು ನಾಯಿ ಬಂತು. ಅದನ್ನು ಕರೆತಂದ ಪೇದೆ, “ಅವರು ತೊಟ್ಟು ಬಿಟ್ಟ, ಒಗೆಯದ ಬಟ್ಟೆ ಯಾವುದಾದರೂ ಇದೆಯೇ ಅಮ್ಮಾ?” ಎಂದು ಕೇಳಿದರು. ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು. ಅವರು ಬಂದಾಗ ಎಲ್ಲ ಮಡಿಯಾಗಿರಲಿ ಎಂದು ಅವರ ಪಂಚೆ, ಅಂಗಿ, ಹೊದಿಕೆಗಳನ್ನೆಲ್ಲ ಒಗೆದು ಒಣಗಿಸಿ ಮಡಿಸಿಟ್ಟಿದ್ದರು. ಉಳಿದಿದ್ದುದು ಆ ಮಫ್ಲರ್ ಒಂದೇ. ನಾನೇ ಅದನ್ನು ತಂದುಕೊಟ್ಟೆ. ನಾಯಿ ಅದನ್ನು ಮೂಸಿತು, ಅಂಗಳದಲ್ಲಿ ಒಂದು ಸುತ್ತು ಬಂತು, ನೇರವಾಗಿ ಬಂದು ನನ್ನ ಮುಂದೆ ಕುಳಿತಿತು.

ನೆರೆದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಪೊಲೀಸು ನಾಯಿ ಯಾರ ಮುಂದೆ ಕುಳಿತಿತೋ ಅವನೇ ಅಪರಾಧಿ ಎಂದು ಎಲ್ಲರೂ ಬಲ್ಲವರು. ಆ ಅರೆಕ್ಷಣ ನನ್ನ ಬಂಧುಗಳ ಕಣ್ಣಿನಲ್ಲಿ ನಾನು ಏನಾಗಿದ್ದೆನೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಪೇದೆ ಮಾತ್ರ ನಿಧಾನವಾಗಿ, “ಇದನ್ನು ನೀವು ಸುತ್ತಿಕೊಂಡಿದ್ದಿರಾ ಸಾರ್?” ಎಂದರು. ನಾನು ಹೌದೆಂದೆ. ಅವರು ನಾಯಿಯ ತಲೆ ಸವರಿದರು. ಆ ಮೂಕಪ್ರಾಣಿಯದು ಏನೂ ತಪ್ಪಿರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಪ್ರಶ್ನೆಯನ್ನು ಕೆಡಿಸಿದವನು ನಾನು. ಐದನೆಯ ದಿನ ದನ ಕಾಯುವ ಹುಡುಗನೊಬ್ಬ ಮನೆಯಿಂದ ಒಂದು ಮೈಲಿಯೊಳಗೆ, ಹಳೆಯ ಅಗಳಿನ ಬದಿಯಲ್ಲಿ, ದೊಡ್ಡಪ್ಪನವರನ್ನು ಕಂಡನು. ಹುಡುಕಾಟದ ಅಗತ್ಯ ಅವರಿಗೆ ಆಗ ಮುಗಿದಿತ್ತು. ಮಫ್ಲರ್ ಗೂಟದಲ್ಲಿಯೇ ಇದ್ದಿದ್ದರೆ ಅವರು ಬದುಕಿ ಸಿಗುತ್ತಿದ್ದರೆಂದು ಯಾರೂ ಹೇಳಲಾರರು. ಸಿಗುತ್ತಿರಲಿಲ್ಲವೆಂದೂ ಹೇಳಲಾರರು.

ಇದರಿಂದ ಕಲಿತದ್ದನ್ನು ಹೇಳದೆ ಹೋದರೆ ಈ ಭಾಷಣ ಅಪೂರ್ಣ. ಮನೆಯ ಹಿರಿಯರೋ ಮಗುವೋ ಕಾಣೆಯಾದಾಗ, ದುಗುಡ ಎಷ್ಟೇ ಇದ್ದರೂ, ಅವರು ತೊಟ್ಟು ಬಿಟ್ಟ ಒಂದು ಬಟ್ಟೆಯನ್ನು, ತಲೆದಿಂಬಿನ ಚೀಲವನ್ನು, ಬೇರೆಯವರು ಮುಟ್ಟದಂತೆ ಶುಚಿಯಾದ ಚೀಲದಲ್ಲಿ ಕಟ್ಟಿಡಿ. ಅವರು ಕೊನೆಗೆ ಕುಳಿತ, ನಡೆದ ಎಡೆಯನ್ನು ತುಳಿದಾಡಬೇಡಿ. ಪೊಲೀಸರಿಗೆ ತಿಳಿಸಲು ಮಾರನೆಯ ದಿನದವರೆಗೆ ಕಾಯಬೇಡಿ. ಜಾಡು ನಮಗಾಗಿ ಕಾಯುವುದಿಲ್ಲ.

ಚರಿತ್ರೆಯುದ್ದಕ್ಕೂ ನಾಯಿಯ ಮೂಗು ಬದಲಾಗಿಲ್ಲ. ಜಮೈಕಾದ ಬೆಟ್ಟದಲ್ಲಿ ಇದ್ದುದೂ ಅದೇ, ಆಲ್ಪ್ಸ್ ಪರ್ವತದ ಹಿಮದಲ್ಲಿ ಇದ್ದುದೂ ಅದೇ. ಓಡಿಹೋದವನು ಯಾರು, ದಾರಿ ತಪ್ಪಿದವನು ಯಾರು ಎಂಬ ಭೇದವನ್ನು ಅದು ಅರಿಯದು. ಅದರ ಕೊರಳಿನ ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರು ನಾವು. ಯಾರನ್ನು, ಯಾತಕ್ಕಾಗಿ ಹುಡುಕಬೇಕೆಂದು ಹೇಳಬೇಕಾದವರೂ ನಾವೇ. ದೊಡ್ಡಮ್ಮ ಆ ಮಫ್ಲರನ್ನು ಕೊನೆಯವರೆಗೂ ಒಗೆಯಲಿಲ್ಲ. ಅದರಲ್ಲಿ ನನ್ನ ವಾಸನೆಯೂ ಸೇರಿತ್ತೆಂಬುದು ಅವರಿಗೆ ಗೊತ್ತಿತ್ತು. ಆದರೂ ಅದನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟಿದ್ದರು.